ಬೇಡ್ತಿ, ಗಂಗಾವಳಿ ಮತ್ತು ಆಕಾಶದ ಅನಾಥ ತೊರೆ

ನಮ್ಮ ಜಿಲ್ಲೆಯಲ್ಲಿ ಒಂದೇ ಹೊಳೆಗೆ ಎರಡು ಹೆಸರಿರುವುದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ಘಟ್ಟದ ಮೇಲಿನವರು ಬೇಡ್ತಿ ಎಂದು ಕರೆಯುವ ನೀರೇ ಕಾಡು ಕಣಿವೆಗಳನ್ನು ದಾಟಿ ಕೆಳಗಿಳಿದು ಅಂಕೋಲೆಯ ಸೀಮೆಗೆ ಬರುವಷ್ಟರಲ್ಲಿ ಗಂಗಾವಳಿಯಾಗಿರುತ್ತದೆ. ಶಾಲೆಯಲ್ಲಿದ್ದಾಗ ಜಿಲ್ಲೆಯ ನಕಾಶೆ ತುಂಬುವ ಪಾಠದಲ್ಲಿ ನಾನು ಇವೆರಡನ್ನೂ ಬೇರೆ ಬೇರೆ ನದಿಗಳೆಂದು ಬರೆದು, ನಡುವೆ ಒಂದು ಗುಡ್ಡವನ್ನೂ ಸೇರಿಸಿ ಮಾಸ್ತರರಿಂದ ಬೈಸಿಕೊಂಡಿದ್ದೆ. ಆ ಪ್ರಸಂಗ ಮತ್ತೆ ನೆನಪಾದದ್ದು, ಭೌತಶಾಸ್ತ್ರ ಪಾಠ ಹೇಳುವ ಕೆಲಸದಿಂದ ನಿವೃತ್ತನಾಗಿ ಕಾರವಾರದಲ್ಲಿ ನೆಲೆಸಿದ ಮೇಲೆ, ನಮ್ಮ ಆಕಾಶಗಂಗೆಯ ಸುತ್ತ ಹರಿಯುವ ನಕ್ಷತ್ರ ತೊರೆಗಳ ಬಗ್ಗೆ ಓದುತ್ತ ಕುಳಿತಾಗ. ದಕ್ಷಿಣ ಗೋಳಾರ್ಧದ ಆಕಾಶವನ್ನು ಚಿಲಿ ದೇಶದಿಂದ ಚಿತ್ರಿಸಿದ ಡಾರ್ಕ್ ಎನರ್ಜಿ ಸರ್ವೆಯ ವಿಜ್ಞಾನಿಗಳು 2018ರಲ್ಲಿ ಹನ್ನೊಂದು ಹೊಸ ತೊರೆಗಳನ್ನು ಪ್ರಕಟಿಸಿ, ಅವುಗಳಿಗೆ ಭೂಮಿಯ ಬೇರೆ ಬೇರೆ ಕಡೆಯ ನದಿ ಮತ್ತು ಜಲಮೂಲಗಳ ಹೆಸರುಗಳನ್ನಿಟ್ಟರು. ಅವುಗಳಲ್ಲಿ ನಾಲ್ಕು ನಮಗೆ ಪರಿಚಿತವಾದ ಸಿಂಧು, ಝೇಲಂ, ರಾವಿ ಮತ್ತು ಚೆನಾಬ್. ಮರುವರ್ಷವೇ ತಿಳಿದುಬಂದದ್ದೇನೆಂದರೆ, ಚೆನಾಬ್ ಎಂಬುದು ಪ್ರತ್ಯೇಕ ತೊರೆಯಲ್ಲ, ಉತ್ತರದ ಆಕಾಶದಲ್ಲಿ 2006ರಲ್ಲಿಯೇ ಪತ್ತೆಯಾಗಿ, ತಾಯಿ ಯಾರೆಂದು ತಿಳಿಯದ ಕಾರಣಕ್ಕೆ 'ಆರ್ಫನ್', ಅಂದರೆ ಅನಾಥ ಎಂಬ ಹೆಸರು ಪಡೆದಿದ್ದ ತೊರೆಯ ದಕ್ಷಿಣದ ಭಾಗ. ಉತ್ತರದವರು ಮೇಲಿನ ಹರಿವನ್ನು ಕಂಡಿದ್ದರು, ದಕ್ಷಿಣದವರು ಕೆಳಗಿನ ಹರಿವನ್ನು ಕಂಡಿದ್ದರು. ಈಗ ಅದಕ್ಕೆ ಆರ್ಫನ್–ಚೆನಾಬ್ ಎಂಬ ಜೋಡು ಹೆಸರು. ಎರಡೂ ಒಂದೇ ಎಂದು ಮೊದಲಿಗೆ ಹೊಳೆಯದೇ ಹೋದದ್ದಕ್ಕೆ ಇನ್ನೂ ಒಂದು ಕಾರಣವಿತ್ತು. ಆ ಕಾರಣವೇ ಈ ವಿಷಯದ ತಿರುಳಿಗೆ ಹತ್ತಿರವಾದದ್ದು, ಅದನ್ನು ಮುಂದೆ ಹೇಳುತ್ತೇನೆ.

ತೊರೆ ಎಂದಾಗ ಇಲ್ಲಿ ಹರಿಯುವುದು ನೀರಲ್ಲ, ಅನಿಲವೂ ಅಲ್ಲ, ಬಿಡಿಬಿಡಿಯಾದ ನಕ್ಷತ್ರಗಳು. ನಾವಿರುವ ಆಕಾಶಗಂಗೆ ಎಂಬ ಗ್ಯಾಲಕ್ಸಿಯ ಬಹುಪಾಲು ನಕ್ಷತ್ರಗಳು ದೋಸೆಯಂತೆ ಚಪ್ಪಟೆಯಾದ ಒಂದು ತಟ್ಟೆಯಲ್ಲಿವೆ. ಆ ತಟ್ಟೆಯನ್ನು ಎಲ್ಲ ಕಡೆಯಿಂದಲೂ ಆವರಿಸಿಕೊಂಡು, ಬಲು ವಿರಳವಾಗಿ, ಹಳೆಯ ನಕ್ಷತ್ರಗಳಿಂದ ಕೂಡಿದ ಒಂದು ದೊಡ್ಡ ಹೊರವಲಯವಿದೆ. ಇಂಗ್ಲಿಷಿನಲ್ಲಿ ಹಾಲೋ ಎನ್ನುವ ಇದನ್ನು ಪ್ರಭಾವಳಿ ಎಂದು ಕರೆಯುವುದು ನನಗೆ ಇಷ್ಟ, ಆದರೆ ಆ ಪದದಲ್ಲಿ ಒಂದು ತೊಡಕಿದೆ: ದೇವರ ಮೂರ್ತಿಯ ಹಿಂದಿನ ಪ್ರಭಾವಳಿ ಮಿರುಗುತ್ತದೆ, ಗ್ಯಾಲಕ್ಸಿಯ ಪ್ರಭಾವಳಿ ಮಿರುಗುವುದಿಲ್ಲ. ಆಕಾಶಗಂಗೆಯ ನಕ್ಷತ್ರಗಳಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಅಲ್ಲಿವೆ. ಈ ತೆಳುವಾದ ಸಮೂಹದೊಳಗೆ ಕೆಲವು ನಕ್ಷತ್ರಗಳು ಒಂದೇ ದಾರಿ ಹಿಡಿದು, ಹೆಚ್ಚುಕಡಿಮೆ ಒಂದೇ ವೇಗದಲ್ಲಿ, ಉದ್ದನೆಯ ಸಾಲಾಗಿ ಸಾಗುತ್ತಿರುತ್ತವೆ. ಅದೇ ತೊರೆ. ಈವರೆಗೆ ಗುರುತಿಸಿರುವ ಇಂತಹ ತೊರೆಗಳ ಸಂಖ್ಯೆ ನೂರನ್ನು ದಾಟಿದೆ. ಅವುಗಳಲ್ಲಿ ಒಂದನ್ನಾದರೂ ಬರಿಗಣ್ಣಿನಿಂದ ನೋಡಿದವರಿಲ್ಲ.

ತೊರೆ ಹುಟ್ಟುವುದು ಹೇಗೆಂಬುದನ್ನು ಕಾರವಾರದವರಿಗೆ ವಿವರಿಸುವುದು ಸುಲಭ, ಏಕೆಂದರೆ ಅದಕ್ಕೆ ಕಾರಣವಾದ ಬಲವನ್ನು ನಾವು ದಿನಕ್ಕೆ ಎರಡು ಸಲ ಕಡಲ ದಂಡೆಯಲ್ಲಿ ಕಾಣುತ್ತೇವೆ. ಭರತಿಯಾಗಿ ನೀರು ಏರುವುದಕ್ಕೆ ಚಂದ್ರನ ಸೆಳೆತವೇ ಕಾರಣವೆಂದು ಎಲ್ಲರೂ ಬಲ್ಲರು. ಆದರೆ ಬರೀ ಸೆಳೆತವೆಂದರೆ ಲೆಕ್ಕ ತಪ್ಪುತ್ತದೆ. ಭೂಮಿಯ ಮೇಲೆ ಸೂರ್ಯನ ಸೆಳೆತ ಚಂದ್ರನದಕ್ಕಿಂತ ಸುಮಾರು 180 ಪಟ್ಟು ಹೆಚ್ಚು, ಹಾಗಿದ್ದರೂ ಸೂರ್ಯನಿಂದಾಗುವ ಭರತಿ ಚಂದ್ರನಿಂದಾಗುವುದರ ಅರ್ಧಕ್ಕಿಂತಲೂ ಕಡಿಮೆ. ನೀರನ್ನು ಉಬ್ಬಿಸುವುದು ಸೆಳೆತದ ಪ್ರಮಾಣವಲ್ಲ, ಭೂಮಿಯ ಹತ್ತಿರದ ಬದಿಗೂ ದೂರದ ಬದಿಗೂ ಆ ಸೆಳೆತದಲ್ಲಿರುವ ವ್ಯತ್ಯಾಸ. ಚಂದ್ರ ಹತ್ತಿರದಲ್ಲಿರುವುದರಿಂದ ಆ ವ್ಯತ್ಯಾಸ ಹೆಚ್ಚು. ಇದೇ ವ್ಯತ್ಯಾಸ ಒಂದು ವಸ್ತುವನ್ನು ಎರಡು ಕಡೆಗೂ ಹಿಡಿದು ಜಗ್ಗುತ್ತದೆ. ಭೂಮಿ ಗಟ್ಟಿಯಾದ್ದರಿಂದ ಕಣ್ಣಿಗೆ ಕಾಣುವಂತೆ ಏರಿಳಿಯುವುದು ನೀರು ಮಾತ್ರ. ಆದರೆ ಆಕಾಶಗಂಗೆಯನ್ನು ಸುತ್ತುತ್ತಿರುವ ಒಂದು ಗೋಳಾಕಾರದ ತಾರಾಗುಚ್ಛವನ್ನೋ ಕುಬ್ಜ ಗ್ಯಾಲಕ್ಸಿಯನ್ನೋ ಹೀಗೆ ಜಗ್ಗಿದರೆ, ಅದರ ಅಂಚಿನ ನಕ್ಷತ್ರಗಳಿಗೆ ತಮ್ಮ ಗುಂಪಿನ ಹಿಡಿತ ಸಾಲದೆ ಒಂದೊಂದಾಗಿ ಕಳಚಿಕೊಳ್ಳುತ್ತವೆ.

ಕಳಚಿಕೊಳ್ಳುವುದಕ್ಕೆ ಎರಡು ಬಾಗಿಲುಗಳಿವೆ: ಒಂದು ಗ್ಯಾಲಕ್ಸಿಯ ಕೇಂದ್ರದ ಕಡೆಗೆ, ಇನ್ನೊಂದು ಅದರ ಎದುರು ದಿಕ್ಕಿಗೆ. ಒಳಬಾಗಿಲಿನಿಂದ ಹೊರಟ ನಕ್ಷತ್ರ ತುಸು ಸಣ್ಣ ಸುತ್ತಿನ ಕಕ್ಷೆಯನ್ನು ಹಿಡಿಯುವುದರಿಂದ ಬೇಗ ಸುತ್ತಿ ಗುಂಪಿಗಿಂತ ಮುಂದೆ ಹೋಗುತ್ತದೆ. ಹೊರಬಾಗಿಲಿನಿಂದ ಹೊರಟದ್ದು ದೊಡ್ಡ ಸುತ್ತು ಹಾಕಬೇಕಾದ್ದರಿಂದ ಹಿಂದುಳಿಯುತ್ತದೆ. ಹೊರಡುವಾಗಿನ ವೇಗದ ವ್ಯತ್ಯಾಸ ಬಹಳ ಸಣ್ಣದು. ಗುಂಪು ಸೆಕೆಂಡಿಗೆ ಇನ್ನೂರು ಕಿಲೋಮೀಟರಿನಂತೆ ಓಡುತ್ತಿದ್ದರೆ, ಬಿಟ್ಟುಹೋಗುವ ನಕ್ಷತ್ರ ಅದಕ್ಕಿಂತ ಒಂದೆರಡು ಕಿಲೋಮೀಟರಿನಷ್ಟು ಮಾತ್ರ ಬೇರೆಯಾಗಿರುತ್ತದೆ. ಆದ್ದರಿಂದಲೇ ಅವು ಚೆದುರಿಹೋಗದೆ, ನೂರಾರು ಕೋಟಿ ವರ್ಷಗಳವರೆಗೆ ಗುಂಪಿನ ಮುಂದೊಂದು ಹಿಂದೊಂದು ಬಾಲವಾಗಿ ನೀಳವಾಗುತ್ತ ಸಾಗುತ್ತವೆ. ಈ ಕ್ರಿಯೆ ನಡೆಯುತ್ತಿರುವಾಗಲೇ ಕೈಗೆ ಸಿಕ್ಕಿಬಿದ್ದ ಉದಾಹರಣೆಯೆಂದರೆ ಪಾಲೋಮಾರ್ 5 ಎಂಬ ತಾರಾಗುಚ್ಛ. ನಮ್ಮಿಂದ ಸುಮಾರು 75,000 ಜ್ಯೋತಿರ್ವರ್ಷ ದೂರದಲ್ಲಿರುವ ಇದರ ಎರಡೂ ಬದಿಗಳಿಂದ ಬಾಲಗಳು ಹೊರಟಿರುವುದು ಸ್ಲೋನ್ ಆಕಾಶ ಸಮೀಕ್ಷೆಯ ಮೊದಮೊದಲ ಚಿತ್ರಗಳಲ್ಲಿ ಕಂಡುಬಂದು 2001ರಲ್ಲಿ ಪ್ರಕಟವಾಯಿತು. ಆಗ ಕೆಲವೇ ಡಿಗ್ರಿಗಳಷ್ಟಿದ್ದ ಬಾಲ ಮುಂದಿನ ಹುಡುಕಾಟಗಳಲ್ಲಿ ಇಪ್ಪತ್ತು ಡಿಗ್ರಿಗಿಂತ ಉದ್ದವಾಯಿತು. ಗುಚ್ಛದೊಳಗೆ ಉಳಿದಿರುವುದಕ್ಕಿಂತ ಬಾಲಗಳಿಗೆ ಸೋರಿಹೋದ ನಕ್ಷತ್ರಗಳೇ ಹೆಚ್ಚು. ಮನೆ ಖಾಲಿಯಾಗುತ್ತಿದೆ, ದಾರಿ ತುಂಬುತ್ತಿದೆ.

ತೊರೆಗಳನ್ನು ನೋಡಲಾಗದು ಎಂದೆ. ಆದರೆ ಒಂದು ತೊರೆಯ ತಾಯಿಯನ್ನು ನಮ್ಮ ಕರಾವಳಿಯಿಂದಲೇ ನೋಡಬಹುದು. ಮೇ ತಿಂಗಳ ನಡುವೆ, ಮಳೆಮೋಡಗಳು ಇನ್ನೂ ಕವಿಯದ ದಿನ ಸಿಕ್ಕರೆ, ರಾತ್ರಿ ಹತ್ತೂವರೆಯ ಸುಮಾರಿಗೆ ನೇರ ದಕ್ಷಿಣಕ್ಕೆ, ದಿಗಂತದಿಂದ ಇಪ್ಪತ್ತೆಂಟು ಡಿಗ್ರಿ ಮೇಲೆ ಬೈನಾಕ್ಯುಲರ್ ಹಿಡಿದರೆ ಹಿಂಜಿದ ಹತ್ತಿಯ ಉಂಡೆಯಂತಹ ಒಂದು ಮಸುಕು ಕಾಣುತ್ತದೆ. ಅದು ಒಮೇಗಾ ಸೆಂಟಾರಿ, ಸುಮಾರು ಒಂದು ಕೋಟಿ ನಕ್ಷತ್ರಗಳ ಗುಚ್ಛ, 17,000 ಜ್ಯೋತಿರ್ವರ್ಷ ದೂರದ್ದು. ಅದು ಬಹಳ ಹಿಂದೆ ಆಕಾಶಗಂಗೆ ನುಂಗಿದ ಒಂದು ಕುಬ್ಜ ಗ್ಯಾಲಕ್ಸಿಯ ನಡುಭಾಗವಿರಬೇಕೆಂದು ಅನೇಕರು ಭಾವಿಸುತ್ತಾರೆ. ಅದರಿಂದ ಸೋರಿದ ನಕ್ಷತ್ರಗಳ ತೊರೆಯನ್ನು 2019ರಲ್ಲಿ ಗುರುತಿಸಿ, ಸ್ಕ್ಯಾಂಡಿನೇವಿಯದ ಪುರಾಣದ ಒಂದು ನದಿಯ ಹೆಸರಾದ ಫಿಂಬುಲ್‌ಥುಲ್ ಎಂದು ಕರೆದರು. ನಮ್ಮ ತಾರಸಿಯ ಮೇಲೆ ಅಕ್ಕಪಕ್ಕದ ಮಕ್ಕಳಿಗೆ ಈ ಮಸುಕನ್ನು ತೋರಿಸಿದಾಗ ಅವರಿಗೆ ಅದು ಅಷ್ಟೇನೂ ಹಿಡಿಸಲಿಲ್ಲ. ಶನಿಯ ಬಳೆಯನ್ನು ತೋರಿಸಿ ಎಂದರು. ಅದರಲ್ಲಿ ಅವರ ತಪ್ಪಿಲ್ಲ.

ಈಗ ಈ ತೊರೆಗಳಿಂದ ಪ್ರಯೋಜನವೇನೆಂಬ ಮಾತಿಗೆ ಬರೋಣ. ಸ್ವಿಟ್ಜರ್ಲೆಂಡಿನ ಖಗೋಳಜ್ಞ ಫ್ರಿಟ್ಜ್ ಜ್ವಿಕಿ 1933ರಲ್ಲಿ ಕೋಮಾ ಎಂಬ ಗ್ಯಾಲಕ್ಸಿ ಸಮೂಹವನ್ನು ಅಳೆದು, ಅಲ್ಲಿಯ ಗ್ಯಾಲಕ್ಸಿಗಳು ಅಷ್ಟು ವೇಗವಾಗಿ ಓಡಾಡಿಯೂ ಚೆದುರಿಹೋಗದೆ ಉಳಿಯಬೇಕಾದರೆ ಕಣ್ಣಿಗೆ ಕಾಣುವುದಕ್ಕಿಂತ ಎಷ್ಟೋ ಹೆಚ್ಚು ದ್ರವ್ಯ ಇರಲೇಬೇಕೆಂದು ಹೇಳಿದ. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮೀಡ ಗ್ಯಾಲಕ್ಸಿಯ ಹೊರಭಾಗಗಳು, ಕೇಂದ್ರದಿಂದ ದೂರವಾದಂತೆ ನಿಧಾನವಾಗಬೇಕಾದವು, ನಿಧಾನವಾಗದೆ ಸುತ್ತುತ್ತಿರುವುದನ್ನು ಅಳೆದು ತೋರಿಸಿದರು. ವಿಶ್ವದ ಒಟ್ಟು ದ್ರವ್ಯದಲ್ಲಿ ಸುಮಾರು ಆರನೇ ಒಂದು ಭಾಗ ಮಾತ್ರ ನಮಗೆ ಗೊತ್ತಿರುವ ಪರಮಾಣುಗಳಿಂದಾದದ್ದು, ಉಳಿದದ್ದು ಡಾರ್ಕ್ ಮ್ಯಾಟರ್ ಎಂಬುದು ಇಂದಿನ ಲೆಕ್ಕ. ಕನ್ನಡದಲ್ಲಿ ಇದನ್ನು ಕಪ್ಪುದ್ರವ್ಯ ಎಂದು ಬರೆಯುವ ರೂಢಿಯಿದೆ. ನನಗೆ ಈ ಪದದ ಮೇಲೆ ಅಸಮಾಧಾನ. ಕಪ್ಪು ಎಂದರೆ ಬೆಳಕನ್ನು ಹೀರಿಕೊಳ್ಳುವುದು, ಹಿಂದಿರುವುದನ್ನು ಮರೆಮಾಡುವುದು. ಈ ದ್ರವ್ಯ ಬೆಳಕನ್ನು ಹೀರುವುದೂ ಇಲ್ಲ, ತಡೆಯುವುದೂ ಇಲ್ಲ, ಬೆಳಕು ಅದರ ಮೂಲಕ ಏನೂ ಇಲ್ಲವೆಂಬಂತೆ ಹಾದುಹೋಗುತ್ತದೆ. ಕಪ್ಪುಕುಳಿಗೂ ಇದಕ್ಕೂ ಸಂಬಂಧವಿದೆಯೆಂದು ಓದುಗರು ಗೊಂದಲಪಡುವುದಕ್ಕೂ ಈ ಹೆಸರೇ ಅರ್ಧ ಕಾರಣ. ಹಾಗಾಗಿ ನಾನು ಕಾಣದ ದ್ರವ್ಯ ಎನ್ನುತ್ತೇನೆ. ಅದು ಯಾವ ಕಣದಿಂದಾಗಿದೆ ಎಂಬುದು ಯಾರಿಗೂ ಗೊತ್ತಿಲ್ಲ. ಅದರ ತೂಕ ಸುತ್ತಲಿನವುಗಳನ್ನು ಸೆಳೆಯುತ್ತದೆ ಎಂಬುದಷ್ಟೇ ಅದರ ಗುರುತು.

ಕಾಳಿ ನದಿಯು ಕಡಲು ಸೇರುವಲ್ಲಿ, ಮಳೆಗಾಲದ ಕೊನೆಗೆ, ನೀರಿನ ಮೇಲೆ ನೊರೆ, ಕಡ್ಡಿ, ತರಗೆಲೆಗಳ ಒಂದು ಗೆರೆ ಬಹಳ ದೂರದವರೆಗೆ ಬಾಗಿ ಬಾಗಿ ಹೋಗಿರುವುದನ್ನು ನೋಡಬಹುದು. ರಂಪಣಿ ಬಲೆ ಎಳೆದು ಹಳಬರಾದ ನಮ್ಮ ನೆರೆಯವರೊಬ್ಬರು ಅದನ್ನು ತೋರಿಸಿ, "ಮಾಸ್ತರ್ರೇ, ನೀರಲ್ಲಿ ಸೆಳೆತ ಎಲ್ಲಿದೆ ಅಂತ ಕಣ್ಣಿಗೆ ಕಾಣೂದಿಲ್ಲ, ಮೇಲೆ ಕಸ ತೇಲಿದ್ರೆ ಮಾತ್ರ ಗೊತ್ತಾಗ್ತದೆ" ಎಂದಿದ್ದರು. ತೊರೆಯ ನಕ್ಷತ್ರಗಳು ಆ ಕಸದ ಕೆಲಸವನ್ನೇ ಮಾಡುತ್ತವೆ. ಸಾಧಾರಣ ಒಂಟಿ ನಕ್ಷತ್ರವನ್ನು ನೋಡಿದರೆ ಅದು ಈ ಕ್ಷಣದಲ್ಲಿ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂಬುದಷ್ಟೇ ತಿಳಿಯುತ್ತದೆ. ಅದು ಎಲ್ಲಿಂದ ಬಂತು, ಮುಂದೆ ಎತ್ತ ತಿರುಗುತ್ತದೆ ಎಂಬುದನ್ನು ಕಾಯ್ದು ನೋಡಲು ನಮ್ಮ ಆಯುಸ್ಸು ಸಾಲದು, ಸೂರ್ಯನೇ ಒಂದು ಸುತ್ತಿಗೆ ಇಪ್ಪತ್ತೆರಡು ಕೋಟಿ ವರ್ಷಗಳಿಗೂ ಹೆಚ್ಚು ತೆಗೆದುಕೊಳ್ಳುತ್ತಾನೆ. ತೊರೆಯಲ್ಲಾದರೆ ಒಂದೇ ದಾರಿಯ ಹಿಂದಿನ, ಇಂದಿನ, ಮುಂದಿನ ನೆಲೆಗಳಲ್ಲಿ ನಕ್ಷತ್ರಗಳು ಏಕಕಾಲಕ್ಕೆ ನಿಂತಿರುತ್ತವೆ. ದಾರಿ ಬಾಗಿದ ಬಗೆಯಿಂದ ಬಾಗಿಸಿದ ಸೆಳೆತ ಎಷ್ಟೆಂದು ಲೆಕ್ಕ ಹಾಕಬಹುದು. ತೊರೆ ಕಕ್ಷೆಯ ಮೇಲೆಯೇ ಅಕ್ಷರಶಃ ಕುಳಿತಿರುವುದಿಲ್ಲ, ಒಳಬಾಗಿಲು ಹೊರಬಾಗಿಲುಗಳ ಕಾರಣದಿಂದ ಸ್ವಲ್ಪ ಸರಿದಿರುತ್ತದೆ. ಆ ತಿದ್ದುಪಡಿಯನ್ನು ಈಗಿನ ಲೆಕ್ಕಗಳು ಮಾಡಿಕೊಳ್ಳುತ್ತವೆ. ಹೀಗೆ ಪಾಲೋಮಾರ್ 5 ಮತ್ತು ಜಿಡಿ-1 ಎಂಬ ಎರಡು ತೊರೆಗಳನ್ನು ಒಟ್ಟಿಗೆ ಇಟ್ಟು 2016ರಲ್ಲಿ ನಡೆಸಿದ ಲೆಕ್ಕದಲ್ಲಿ, ಆಕಾಶಗಂಗೆಯ ಒಳಪ್ರದೇಶದಲ್ಲಿ ಕಾಣದ ದ್ರವ್ಯದ ಪ್ರಭಾವಳಿ ನಮ್ಮ ತಟ್ಟೆಯಂತೆ ಚಪ್ಪಟೆಯಾಗಿಲ್ಲ, ಹೆಚ್ಚುಕಡಿಮೆ ಉರುಟಾಗಿದೆ ಎಂದು ತಿಳಿಯಿತು.

ಆದರೆ ಪ್ರಭಾವಳಿಯ ಆಕಾರ, ಒಟ್ಟು ತೂಕ ಇವು ಬೇರೆ ದಾರಿಗಳಿಂದಲೂ ತಿಳಿಯುವಂಥವು. ತೊರೆಗಳಿಂದ ವಿಶೇಷವಾಗಿ ತಿಳಿಯಬಹುದಾದದ್ದು ಇನ್ನೂ ಸೂಕ್ಷ್ಮವಾದದ್ದು. ಕಾಣದ ದ್ರವ್ಯವು ಭಾರವಾದ, ನಿಧಾನವಾಗಿ ಚಲಿಸುವ ಕಣಗಳಿಂದಾಗಿದೆ ಎಂಬ ಊಹೆಯನ್ನು ತೆಗೆದುಕೊಂಡು ಕಂಪ್ಯೂಟರಿನಲ್ಲಿ ಗ್ಯಾಲಕ್ಸಿಯನ್ನು ಬೆಳೆಸಿದರೆ, ಪ್ರಭಾವಳಿ ನುಣುಪಾಗಿ ಬರುವುದಿಲ್ಲ. ಸರಿಯಾಗಿ ಕಲಸದ ಅಂಬಲಿಯಂತೆ ಅದರಲ್ಲಿ ಚಿಕ್ಕ ದೊಡ್ಡ ಗಂಟುಗಳು ತುಂಬಿರುತ್ತವೆ. ದೊಡ್ಡ ಗಂಟುಗಳೊಳಗೆ ಅನಿಲ ಸೇರಿ ನಕ್ಷತ್ರಗಳಾಗಿ ಅವು ಕುಬ್ಜ ಗ್ಯಾಲಕ್ಸಿಗಳಾಗಿ ನಮ್ಮ ಕಣ್ಣಿಗೆ ಬೀಳುತ್ತವೆ. ಸೂರ್ಯನ ಹತ್ತು ಕೋಟಿ ಪಟ್ಟು ತೂಕಕ್ಕಿಂತ ಕಡಿಮೆಯಿರುವ ಗಂಟುಗಳಿಗೆ ಅನಿಲವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಸಾಲದ್ದರಿಂದ ಅವುಗಳಲ್ಲಿ ನಕ್ಷತ್ರಗಳೇ ಹುಟ್ಟಿರಲಾರವು. ಕಣಗಳು ಹಗುರವಾಗಿ, ವೇಗವಾಗಿ ಓಡುವಂಥವಾಗಿದ್ದರೆ ಇಂತಹ ಸಣ್ಣ ಗಂಟುಗಳು ಕಟ್ಟಿಕೊಳ್ಳುವುದೇ ಇಲ್ಲ. ಆದ್ದರಿಂದ ಸಣ್ಣ ಗಂಟುಗಳು ಇವೆಯೋ ಇಲ್ಲವೋ ಎಂದು ತಿಳಿದರೆ ಕಣದ ಸ್ವಭಾವವೇ ತಿಳಿದಂತೆ. ಒಂದೇ ಒಂದು ನಕ್ಷತ್ರವೂ ಇಲ್ಲದ, ಬೆಳಕನ್ನು ತಡೆಯದ ಗಂಟನ್ನು ಹುಡುಕುವುದು ಹೇಗೆ? ಅದು ತೆಳುವಾದ ತೊರೆಯೊಂದನ್ನು ಹಾದುಹೋದಾಗ ಬಿಟ್ಟುಹೋಗುವ ಗುರುತಿನಿಂದ.

ಆ ಗುರುತು ಹೇಗಿರುತ್ತದೆಂಬುದನ್ನು ಮೊದಲ ಸಲ ಓದಿದಾಗ ನಾನು ತಪ್ಪಾಗಿಯೇ ಊಹಿಸಿದ್ದೆ. ಭಾರವಾದ ಗಂಟು ತೊರೆಯ ನಡುವೆ ನುಗ್ಗಿದರೆ ಅಕ್ಕಪಕ್ಕದ ನಕ್ಷತ್ರಗಳನ್ನೆಲ್ಲ ತನ್ನೆಡೆಗೆ ಸೆಳೆದು ಅಲ್ಲಿ ಗುಂಪು ಮಾಡಬೇಕಲ್ಲವೇ? ಆಗುವುದು ತದ್ವಿರುದ್ಧ. ಗಂಟು ಹಾದ ಜಾಗಕ್ಕಿಂತ ಮುಂದಿರುವ ನಕ್ಷತ್ರಗಳನ್ನು ಅದು ಹಿಂದಕ್ಕೆ ಜಗ್ಗುತ್ತದೆ, ಆದರೆ ಹಿಂದಕ್ಕೆ ಜಗ್ಗಿಸಿಕೊಂಡ ನಕ್ಷತ್ರ ಶಕ್ತಿ ಕಳೆದುಕೊಂಡು ಒಳಗಿನ ಸಣ್ಣ ಸುತ್ತಿಗೆ ಇಳಿಯುತ್ತದೆ. ಸಣ್ಣ ಸುತ್ತೆಂದರೆ ಬೇಗ ಮುಗಿಯುವ ಸುತ್ತು, ಆದ್ದರಿಂದ ಅದು ಕೊನೆಗೆ ಮುಂದಕ್ಕೇ ಓಡುತ್ತದೆ. ಹಿಂದಿದ್ದ ನಕ್ಷತ್ರಗಳನ್ನು ಮುಂದಕ್ಕೆ ಎಳೆದಾಗ ಅವು ದೊಡ್ಡ ಸುತ್ತಿಗೆ ಏರಿ ಹಿಂದುಳಿಯುತ್ತವೆ. ಹಗ್ಗ ಹಿಡಿದು ಎಳೆದರೆ ಎದುರು ದಿಕ್ಕಿಗೆ ಹೋಗುವ ಈ ನಡತೆಗೆ ಖಗೋಳಜ್ಞರು ಕತ್ತೆಯ ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಹಟಮಾರಿ ಹೋರಿಯ ಹೆಸರಾಗುತ್ತಿತ್ತೇನೋ. ಒಟ್ಟಿನಲ್ಲಿ, ಹಾದುಹೋದ ಜಾಗದಲ್ಲಿ ಮೊದಲು ತುಸು ಒತ್ತೊತ್ತಾಗಿ, ಆಮೇಲೆ ಕೋಟ್ಯಂತರ ವರ್ಷಗಳಲ್ಲಿ ಮೆಲ್ಲನೆ ಒಂದು ಖಾಲಿ ಜಾಗ ತೆರೆದುಕೊಳ್ಳುತ್ತದೆ, ಅದರ ಎರಡೂ ಅಂಚುಗಳಲ್ಲಿ ನಕ್ಷತ್ರಗಳು ಕೂಡಿಕೊಳ್ಳುತ್ತವೆ. ತೊರೆ ತೆಳುವಾಗಿದ್ದಷ್ಟೂ, ಅದರೊಳಗಿನ ವೇಗಗಳು ಒಂದೇ ಸಮವಾಗಿದ್ದಷ್ಟೂ ಈ ಕಡಿತ ಸ್ಪಷ್ಟ. ಧನು ರಾಶಿಯ ದಿಕ್ಕಿನಲ್ಲಿ 1994ರಲ್ಲಿ ಪತ್ತೆಯಾದ ಕುಬ್ಜ ಗ್ಯಾಲಕ್ಸಿಯಿಂದ ಹೊರಟು ಆಕಾಶಗಂಗೆಯನ್ನೇ ಸುತ್ತಿಕೊಂಡಿರುವ ಭಾರಿ ತೊರೆ ಎಷ್ಟೇ ಭವ್ಯವಾದರೂ, ಅಗಲವಾಗಿ ಕಲಕಿಹೋಗಿರುವ ಕಾರಣ ಈ ಕೆಲಸಕ್ಕೆ ಬಾರದು. ಮಳೆಗಾಲದ ಹೊಳೆಯಲ್ಲಿ ಕಾಲಿಟ್ಟ ಗುರುತು ಉಳಿದೀತೇ?

ಕೆಲಸಕ್ಕೆ ಬರುವುದು ಜಿಡಿ-1. ಗ್ರಿಲ್‌ಮೇರ್ ಮತ್ತು ಡಯೊನಾಟೋಸ್ ಎಂಬ ಇಬ್ಬರು 2006ರಲ್ಲಿ ಸ್ಲೋನ್ ಸಮೀಕ್ಷೆಯ ಚಿತ್ರಗಳಿಂದ ಹೆಕ್ಕಿ ತೆಗೆದ ಈ ತೊರೆಗೆ ಅವರಿಬ್ಬರ ಹೆಸರಿನ ಮೊದಲಕ್ಷರಗಳೇ ಹೆಸರಾದವು. ಸಪ್ತರ್ಷಿಮಂಡಲದ ಕಡೆಯಿಂದ ಕರ್ಕಾಟಕದವರೆಗೆ, ಆಗಿನ ಲೆಕ್ಕದಲ್ಲೇ 63 ಡಿಗ್ರಿ ಉದ್ದ. ಅಂದರೆ ಮಾರ್ಚ್ ತಿಂಗಳ ರಾತ್ರಿ ಶಿರಸಿಯ ನಮ್ಮ ಮನೆಯ ಅಂಗಳದಲ್ಲಿ ನಿಂತರೆ ನೆತ್ತಿಯಿಂದ ಉತ್ತರದ ಅಡಿಕೆ ಮರಗಳ ತಲೆಯವರೆಗೆ ಅದು ಚಾಚಿರುತ್ತದೆ. ಆದರೆ ಅದರ ನಕ್ಷತ್ರಗಳಲ್ಲಿ ಬಹುಪಾಲು, ಬರಿಗಣ್ಣಿಗೆ ಕಾಣುವ ಅತಿ ಮಂಕಾದ ನಕ್ಷತ್ರಕ್ಕಿಂತಲೂ ಹತ್ತಾರು ಸಾವಿರ ಪಟ್ಟು ಮಂಕು. ಉದ್ದ ಮೂವತ್ತು ಸಾವಿರ ಜ್ಯೋತಿರ್ವರ್ಷದಷ್ಟಾದರೆ ಅಗಲ ಒಂದೆರಡು ನೂರು ಜ್ಯೋತಿರ್ವರ್ಷ ಮಾತ್ರ. ಇದನ್ನು ಹೆತ್ತ ತಾರಾಗುಚ್ಛದ ಕುರುಹು ಎಲ್ಲಿಯೂ ಉಳಿದಿಲ್ಲ, ಪೂರ್ತಿ ಕರಗಿಹೋಗಿದೆ. ಮೊದಲ ಹನ್ನೆರಡು ವರ್ಷ ಈ ತೊರೆಯಲ್ಲಿ ಕಡಿತಗಳಿವೆಯೆಂದು ಕೆಲವರು, ಅದು ಮುಂದಿರುವ ಹಿಂದಿರುವ ಬೇರೆ ನಕ್ಷತ್ರಗಳ ಬೆರಕೆಯಿಂದಾದ ಭ್ರಮೆಯೆಂದು ಕೆಲವರು ಹೇಳುತ್ತಿದ್ದರು.

ಆ ಬೆರಕೆಯನ್ನು ತೆಗೆದುಹಾಕಿದ್ದು ಯುರೋಪಿನ ಗಾಯಾ ಎಂಬ ಬಾಹ್ಯಾಕಾಶ ದೂರದರ್ಶಕ. 2013ರ ಡಿಸೆಂಬರಿನಲ್ಲಿ ಹಾರಿ, ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ ನೆಲೆಸಿ, ಒಂದೊಂದು ನಕ್ಷತ್ರವೂ ವರ್ಷದಿಂದ ವರ್ಷಕ್ಕೆ ಆಕಾಶದಲ್ಲಿ ಎಷ್ಟು ಸರಿಯಿತೆಂದು ಅದು ಅಳೆಯಿತು. 2018ರ ಏಪ್ರಿಲ್‌ನಲ್ಲಿ ಅದು ಬಿಡುಗಡೆ ಮಾಡಿದ ಪಟ್ಟಿಯಲ್ಲಿ ಸುಮಾರು 170 ಕೋಟಿ ಆಕಾಶಕಾಯಗಳಿದ್ದವು. ಜಾತ್ರೆಯ ಗದ್ದಲದಲ್ಲಿ ಒಂದೇ ಊರಿನವರು ಯಾರೆಂದು ಮುಖ ನೋಡಿ ಹೇಳಲಾಗದಿದ್ದರೂ, ಎಲ್ಲರೂ ಒಂದೇ ಬಸ್ಸಿನ ಕಡೆಗೆ ನಡೆಯತೊಡಗಿದಾಗ ಗೊತ್ತಾಗುವಂತೆ, ಒಂದೇ ದಿಕ್ಕಿಗೆ ಒಂದೇ ವೇಗದಲ್ಲಿ ಸರಿಯುವವುಗಳನ್ನು ಮಾತ್ರ ಉಳಿಸಿಕೊಂಡು ಉಳಿದವನ್ನು ಬಿಟ್ಟುಬಿಟ್ಟಾಗ ಜಿಡಿ-1 ನಿಚ್ಚಳವಾಗಿ ಎದ್ದು ನಿಂತಿತು. ಏಡ್ರಿಯನ್ ಪ್ರೈಸ್-ವ್ಹೀಲನ್ ಮತ್ತು ಆನಾ ಬೊನಾಕಾ 2018ರಲ್ಲಿಯೇ ಪ್ರಕಟಿಸಿದ ಆ ಚಿತ್ರದಲ್ಲಿ ಕಡಿತಗಳು ಭ್ರಮೆಯಾಗಿರಲಿಲ್ಲ. ಅಷ್ಟೇ ಅಲ್ಲ, ಒಂದು ಕಡಿತದ ಪಕ್ಕದಲ್ಲಿ ಮುಖ್ಯ ಸಾಲಿನಿಂದ ಕವಲೊಡೆದು ಸಮಾನಾಂತರವಾಗಿ ಹೋಗುವ ಒಂದು ಸಣ್ಣ ಎಳೆಯೂ ಇತ್ತು. ಆ ಚಿತ್ರವನ್ನು ಮುದ್ರಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ಹಳೆಯ ಪಂಚೆಯ ಅಂಚಿನಲ್ಲಿ ನೂಲೊಂದು ಎದ್ದಂತೆ ಕಾಣುತ್ತದೆ. ಮರುವರ್ಷ ಬೊನಾಕಾ ಮತ್ತು ಸಂಗಡಿಗರು ಈ ಕಡಿತ ಮತ್ತು ಕವಲು ಎರಡನ್ನೂ ಒಂದೇ ಘಟನೆಯಿಂದ ವಿವರಿಸಿದರು: ಸೂರ್ಯನ ಹತ್ತು ಲಕ್ಷ ಪಟ್ಟಿನಿಂದ ಹತ್ತು ಕೋಟಿ ಪಟ್ಟಿನ ನಡುವಣ ತೂಕದ ಒಂದು ಅಡಕವಾದ ವಸ್ತು, ಕಳೆದ ಐವತ್ತು ಕೋಟಿ ವರ್ಷಗಳಷ್ಟು ಅವಧಿಯಲ್ಲಿ, ತೊರೆಗೆ ಬಹಳ ಹತ್ತಿರದಿಂದ ಹಾದುಹೋಗಿರಬೇಕು. ಗೊತ್ತಿರುವ ತಾರಾಗುಚ್ಛಗಳ ಮತ್ತು ಕುಬ್ಜ ಗ್ಯಾಲಕ್ಸಿಗಳ ದಾರಿಗಳನ್ನು ಹಿಂದಕ್ಕೆ ಲೆಕ್ಕ ಹಾಕಿ ನೋಡಿದಾಗ ಯಾವುದೂ ಆ ಜಾಗಕ್ಕೆ ಸರಿಯಾದ ಹೊತ್ತಿಗೆ ಬಂದಿರಲಿಲ್ಲ.

ಇಷ್ಟು ಓದಿದ ಪತ್ರಿಕೆಗಳು ಕಾಣದ ದ್ರವ್ಯ ಸಿಕ್ಕಿಬಿಟ್ಟಿತೆಂದು ಬರೆದವು. ನನಗೆ ಅಲ್ಲಿ ತಡೆಯುತ್ತದೆ. ತೊರೆಯೊಂದನ್ನು ಕಡಿಯಬಲ್ಲವು ಇನ್ನೂ ಹಲವಿವೆ. ಗ್ಯಾಲಕ್ಸಿಯ ತಟ್ಟೆಯಲ್ಲಿ ಲಕ್ಷಾಂತರ ಸೂರ್ಯರಷ್ಟು ತೂಗುವ ಅನಿಲದ ಮೋಡಗಳಿವೆ. ನಡುವೆ ಒನಕೆಯಂತೆ ತಿರುಗುತ್ತಿರುವ ನಕ್ಷತ್ರಗಳ ಒಂದು ಪಟ್ಟಿಯಿದೆ. ಪಾಲೋಮಾರ್ 5ರ ಬಾಲಗಳಲ್ಲಿ ಒಂದು ಇನ್ನೊಂದರಷ್ಟು ಉದ್ದವಿಲ್ಲದಿರುವುದಕ್ಕೆ ಆ ಪಟ್ಟಿಯ ತಿರುಗಾಟವೇ ಸಾಕೆಂದು ತೋರಿಸಿದವರಿದ್ದಾರೆ. ಹಾಗಾಗಿ ಪಾಲೋಮಾರ್ 5ರ ಕಡಿತಗಳನ್ನು ಸಾಕ್ಷಿಗೆ ತರುವುದು ಕಷ್ಟ. ಈ ಮಟ್ಟಿಗೆ ಜಿಡಿ-1ರ ಪಕ್ಷ ಬಲವಾಗಿದೆ: ಅದು ಗ್ಯಾಲಕ್ಸಿಯ ಕೇಂದ್ರಕ್ಕೆ ಅಷ್ಟು ಹತ್ತಿರ ಬರುವುದಿಲ್ಲ, ಮೇಲಾಗಿ ತಟ್ಟೆ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಸುತ್ತುತ್ತದೆ, ಆದ್ದರಿಂದ ಮೋಡಗಳನ್ನು ಎದುರಿನಿಂದ ಬರುವ ಲಾರಿಯಂತೆ ಕ್ಷಣಮಾತ್ರದಲ್ಲಿ ದಾಟಿಬಿಡುತ್ತದೆ, ಅವು ಜಗ್ಗುವುದಕ್ಕೆ ಸಮಯವೇ ಸಿಗುವುದಿಲ್ಲ. ಆದರೆ ಜಿಡಿ-1ರ ಸುತ್ತಲೂ ಬೇರೆ ತಕರಾರುಗಳಿವೆ. ಖ್ಯಾತಿ ಮಲ್ಹನ್ ಮತ್ತು ಸಂಗಡಿಗರು 2019ರಲ್ಲಿ ಜಿಡಿ-1ರ ಜೊತೆಜೊತೆಗೇ ಸಾಗುವ ಇನ್ನೊಂದು ತೊರೆಯನ್ನು ಕಂಡುಹಿಡಿದು, ಅದಕ್ಕೆ ಹಾಲೆಂಬ ಅರ್ಥದಲ್ಲಿ ಕ್ಷೀರ ಎಂದು ಹೆಸರಿಟ್ಟರು. ಜಿಡಿ-1ರ ಸುತ್ತ ಅಗಲವಾದ ಮಂಕು ಹೊದಿಕೆಯೊಂದು ಇರುವುದನ್ನೂ ಅವರೇ ತೋರಿಸಿದರು. ಈ ಹೊದಿಕೆಯ ಒಂದು ಅರ್ಥವೆಂದರೆ, ಜಿಡಿ-1ರ ತಾಯಿಗುಚ್ಛ ಒಂಟಿಯಾಗಿ ಬಂದದ್ದಲ್ಲ, ಯಾವುದೋ ಕುಬ್ಜ ಗ್ಯಾಲಕ್ಸಿಯ ಮಡಿಲಲ್ಲಿ ಕುಳಿತು ಬಂದದ್ದು. ಹಾಗಿದ್ದರೆ ಆ ಮಡಿಲಿನಲ್ಲಿದ್ದಾಗಲೇ ತೊರೆಯ ಕೆಲವು ಒಡಕುಗಳು ಆಗಿರಬಹುದು. ಇನ್ನೊಂದು ಇಕ್ಕಟ್ಟೂ ಇದೆ: ಲೆಕ್ಕಕ್ಕೆ ಬೇಕಾದ ವಸ್ತು, ಅಷ್ಟೇ ತೂಕದ ಸಾಮಾನ್ಯ ಕಾಣದ ದ್ರವ್ಯದ ಗಂಟಿಗಿಂತ ಹೆಚ್ಚು ಅಡಕವಾಗಿರಬೇಕು. ಕಾಣದ ದ್ರವ್ಯದ ಕಣಗಳು ಪರಸ್ಪರ ಡಿಕ್ಕಿ ಹೊಡೆಯಬಲ್ಲವಾದರೆ ಗಂಟಿನ ನಡುಭಾಗ ಕುಸಿದು ಅಷ್ಟು ದಟ್ಟವಾಗಬಹುದೆಂದು ಕೆಲವರು ವಾದಿಸುತ್ತಾರೆ. ಹಾಗೇನಾದರೂ ಆದರೆ ಅದು ಕಣದ ಬಗ್ಗೆ ನಮಗೆ ಸಿಕ್ಕ ಮೊದಲ ಸುಳಿವಾಗುತ್ತದೆ. ನನ್ನ ಮಟ್ಟಿಗೆ ಒಂದು ತೊರೆಯ ಒಂದು ಕಡಿತ ಒಳ್ಳೆಯ ಪ್ರಶ್ನೆಯೇ ಹೊರತು ಉತ್ತರವಲ್ಲ. ಹತ್ತು ತೊರೆಗಳಲ್ಲಿ ಎಷ್ಟು ಕಡಿತಗಳು, ಎಷ್ಟೆಷ್ಟು ಅಗಲದವು ಎಂಬ ಎಣಿಕೆ ಬೇಕು. ಸಣ್ಣ ಗಂಟುಗಳು ನಿಜವಾಗಿ ಲೆಕ್ಕದಷ್ಟಿದ್ದರೆ ಎಣಿಕೆ ಅದಕ್ಕೆ ಹೊಂದಲೇಬೇಕು.

ಮೊದಲಿಗೆ ಬಿಟ್ಟ ಮಾತಿಗೆ ಮರಳುತ್ತೇನೆ. ಆರ್ಫನ್ ಮತ್ತು ಚೆನಾಬ್ ಒಂದೇ ಎಂದು ಯಾಕೆ ಹೊಳೆಯಲಿಲ್ಲವೆಂದರೆ, ಉತ್ತರದ ಭಾಗವನ್ನು ಹಾಗೆಯೇ ಮುಂದುವರಿಸಿದರೆ ಅದು ಚೆನಾಬಿನ ಜಾಗಕ್ಕೆ ಹೋಗುತ್ತಿರಲಿಲ್ಲ. ನಡುವೆ ದಾರಿ ತಿರುಚಿಕೊಂಡಿತ್ತು. ಅಷ್ಟೇ ಅಲ್ಲ, ತೊರೆಯ ನಕ್ಷತ್ರಗಳು ತೊರೆ ಚಾಚಿರುವ ದಿಕ್ಕಿಗೇ ಚಲಿಸುತ್ತಿರಲಿಲ್ಲ, ಅಡ್ಡಕ್ಕೆ ಸ್ವಲ್ಪ ಜಾರುತ್ತಿದ್ದವು. ಅವುಗಳನ್ನು ಅಡ್ಡಕ್ಕೆ ಎಳೆದದ್ದು ನಮ್ಮ ನೆರೆಯ ದೊಡ್ಡ ಮೆಗಲಾನಿಕ್ ಮೋಡ ಎಂಬ ಪುಟ್ಟ ಗ್ಯಾಲಕ್ಸಿ. 2019ರಲ್ಲಿ ಡೆನಿಸ್ ಎರ್ಕಾಲ್ ಮತ್ತು ಸಂಗಡಿಗರು ಈ ತಿರುಚನ್ನೇ ಅಳತೆಗೋಲಾಗಿ ಹಿಡಿದು ಆ ಮೋಡವನ್ನು ತೂಗಿದರು: ಸುಮಾರು 14,000 ಕೋಟಿ ಸೂರ್ಯರಷ್ಟು. ಅದರ ನಕ್ಷತ್ರಗಳನ್ನೆಲ್ಲ ಕೂಡಿಸಿದರೂ ಸೂರ್ಯನ ಕೆಲವು ನೂರು ಕೋಟಿ ಪಟ್ಟಾಗುತ್ತದೆ. ಮಿಕ್ಕದ್ದೆಲ್ಲ ಕಾಣದ ದ್ರವ್ಯವೇ. ಜಿಡಿ-1ರ ಕಡಿತದಲ್ಲಿದ್ದಂಥ ಸಂಶಯಕ್ಕೆ ಇಲ್ಲಿ ಎಡೆಯಿಲ್ಲ, ಏಕೆಂದರೆ ಎಳೆದವನು ಯಾರೆಂದು ಕಣ್ಣೆದುರಿಗೇ ಇದ್ದಾನೆ. ತೊರೆಗಳಿಂದ ಕಾಣದ ದ್ರವ್ಯದ ಬಗ್ಗೆ ಈವರೆಗೆ ಸಿಕ್ಕ ಅತ್ಯಂತ ಭದ್ರವಾದ ತಿಳಿವು ಇದೇ ಎಂದು ನನ್ನ ಅಭಿಪ್ರಾಯ, ಅದು ಪತ್ರಿಕೆಗಳ ತಲೆಬರಹವಾಗಲಿಲ್ಲವಷ್ಟೇ. ಇದರಿಂದ ಹಿಂದಿನ ಎಷ್ಟೋ ಲೆಕ್ಕಗಳನ್ನು ಮತ್ತೆ ಮಾಡಬೇಕಾಯಿತು. ಆಕಾಶಗಂಗೆಯನ್ನು ಅಲುಗಾಡದೆ ಕುಳಿತ ಒಂಟಿ ಗ್ಯಾಲಕ್ಸಿಯೆಂದು ಹಿಡಿದು ಹಾಕಿದ ಲೆಕ್ಕಗಳವು.

ಗಾಯಾ 2025ರ ಜನವರಿಯಲ್ಲಿ ಅಳತೆಯನ್ನು ನಿಲ್ಲಿಸಿತು, ಅದು ಕೂಡಿಟ್ಟ ಮಾಹಿತಿಯ ಪೂರ್ತಿ ಪ್ರಕಟಣೆ ಇನ್ನೂ ಬಾಕಿಯಿದೆ. ಅದೇ ವರ್ಷ ಜೂನ್‌ನಲ್ಲಿ ಚಿಲಿಯ ಸೆರೊ ಪಚೋನ್ ಬೆಟ್ಟದ ಮೇಲಿನ ವೆರಾ ರೂಬಿನ್ ವೀಕ್ಷಣಾಲಯ ತನ್ನ ಮೊದಲ ಚಿತ್ರಗಳನ್ನು ತೋರಿಸಿತು: 8.4 ಮೀಟರಿನ ಕನ್ನಡಿ, 320 ಕೋಟಿ ಪಿಕ್ಸೆಲ್‌ಗಳ ಕ್ಯಾಮೆರಾ, ಹತ್ತು ವರ್ಷ ದಕ್ಷಿಣದ ಆಕಾಶವನ್ನು ಮತ್ತೆ ಮತ್ತೆ ಚಿತ್ರಿಸುವ ಯೋಜನೆ. ಗಾಯಾಕ್ಕೆ ಎಟುಕದಷ್ಟು ಮಂಕಾದ ನಕ್ಷತ್ರಗಳು ಅದಕ್ಕೆ ಸಿಗುತ್ತವೆ. ತೊರೆಯಲ್ಲಿ ಈಗ ನೂರು ನಕ್ಷತ್ರ ಎಣಿಸುವಲ್ಲಿ ಸಾವಿರಾರು ಎಣಿಸಲು ಸಾಧ್ಯವಾದರೆ, ಕಡಿತವೆಂದು ಕಾಣುವುದು ನಿಜವಾದ ಕಡಿತವೋ, ಬರೀ ಎಣಿಕೆಯ ಏರುಪೇರೋ ಎಂಬ ಸಂಶಯ ಬಹುಮಟ್ಟಿಗೆ ನೀಗುತ್ತದೆ.

ಆರ್ಫನ್ ತೊರೆಯನ್ನು ತಿರುಚಿದ ಆ ಮೆಗಲಾನಿಕ್ ಮೋಡವನ್ನು ಕಾರವಾರದಿಂದ ನೋಡಲು ಸಾಧ್ಯವೇ ಎಂದು ಒಮ್ಮೆ ಲೆಕ್ಕ ಹಾಕಿದೆ. ನಾವಿರುವುದು ಉತ್ತರ ಅಕ್ಷಾಂಶ ಹದಿನೈದು ಡಿಗ್ರಿಗೆ ತುಸು ಕಡಿಮೆ. ಮೋಡವಿರುವುದು ದಕ್ಷಿಣದ ಕೊನೆಯ ಹತ್ತಿರ. ಆದ್ದರಿಂದ ಜನವರಿಯ ನಡುವೆ ರಾತ್ರಿ ಹತ್ತರ ಸುಮಾರಿಗೆ ಅದು ದಿಗಂತದಿಂದ ಆರು ಡಿಗ್ರಿಯಷ್ಟು ಮೇಲೇರಿ ಮತ್ತೆ ಇಳಿಯುತ್ತದೆ. ಚಾಚಿದ ಕೈಯ ಮೂರು ಬೆರಳಿನಷ್ಟು ಎತ್ತರ. ಎರಡು ಜನವರಿ, ಅಮಾವಾಸ್ಯೆಯ ಆಸುಪಾಸಿನಲ್ಲಿ, ದಕ್ಷಿಣಕ್ಕೆ ಕಡಲು ತೆರೆದುಕೊಳ್ಳುವ ಗುಡ್ಡವೊಂದರ ಮೇಲೆ ಬೈನಾಕ್ಯುಲರ್ ಹಿಡಿದು ಕುಳಿತೆ. ಮೊದಲ ವರ್ಷ ಮಂಜಿನಂತಹ ಮಬ್ಬು ದಿಗಂತದಿಂದ ಹತ್ತು ಡಿಗ್ರಿಯವರೆಗೂ ಎದ್ದಿತ್ತು. ಎರಡನೆಯ ವರ್ಷ ಗಾಳಿ ಸ್ವಚ್ಛವಾಗಿತ್ತು, ಆದರೆ ಸರಿಯಾಗಿ ಆ ದಿಕ್ಕಿನಲ್ಲಿ ಲೈಟ್ ಫಿಶಿಂಗ್ ಬೋಟುಗಳು ಎಲ್‌ಇಡಿ ದೀಪಗಳನ್ನು ಹೊತ್ತಿಸಿಕೊಂಡು ಸಾಲಾಗಿ ನಿಂತಿದ್ದವು, ಕಡಲಿನ ಅಂಚು ಪೇಟೆಯಂತೆ ಬೆಳಗುತ್ತಿತ್ತು. ಜೊತೆಗೆ ಬಂದಿದ್ದ ನೆರೆಯವರು ದೀಪಗಳನ್ನು ನೋಡಿ ಬೈದರು. ಅವರ ಸಿಟ್ಟು ಮೀನಿನ ಬಗ್ಗೆ, ನನ್ನದು ಮೋಡದ ಬಗ್ಗೆ. ಈ ಜನವರಿಗೆ ಗೋಕರ್ಣದ ಕಡೆಯ ಗುಡ್ಡಕ್ಕೆ ಹೋಗಿ ನೋಡುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.